ಏಳನೆಯ ಕಲ್ಲು

ಎಳ್ಳಮಾಸಿಯ ದಿನ, ಎಳ್ಳು ಅಮಾವಾಸ್ಯೆಯಂದು, ಊರಿಗೆ ಊರೇ ಹೊಲದ ದಾರಿ ಹಿಡಿಯುತ್ತದೆ. ಎತ್ತಿದ್ದವರು ಬಂಡಿ ಕಟ್ಟುತ್ತಾರೆ, ಟ್ರ್ಯಾಕ್ಟರ್ ಇದ್ದವರು ಟ್ರಾಲಿಯಲ್ಲಿ ತಾಡಪತ್ರಿ ಹಾಸುತ್ತಾರೆ, ಎರಡೂ ಇಲ್ಲದವರು ಇದ್ದವರ ಬೆನ್ನಿಗೆ ಬೀಳುತ್ತಾರೆ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡುಬು. ಹೊಲದಲ್ಲಿ ಕಲ್ಲುಗಳಿಗೆ ಪೂಜೆ ಮಾಡಿ, ನಾಲ್ಕು ದಿಕ್ಕಿಗೆ ಅನ್ನ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದಕ್ಕೇ ಚರಗ ಎನ್ನುವುದು. ಆಮೇಲೆ ತಾವೂ ಹೊಟ್ಟೆ ಬಿರಿಯುವಷ್ಟು ತಿಂದು ಗಿಡದ ನೆರಳಲ್ಲಿ ಗೊರಕೆ ಹೊಡೆಯುತ್ತಾರೆ. ಅಂದು ಎಲ್ಲರೂ ಹೋಗುವುದು ಕಾಲುವೆಯ ಕೆಳಗೆ, ನೀರಿದ್ದ ಕಡೆಗೆ. ಮಲ್ಲಿಕಮ್ಮ ಒಬ್ಬಳು ಮಾತ್ರ ಕಾಲುವೆಯ ಮೇಲಕ್ಕೆ ಹೋಗುತ್ತಾಳೆ.

ಅವಳಿಗೆ ತಲೆ ಸರಿಯಿಲ್ಲ ಎಂದು ಊರಲ್ಲಿ ಯಾರೂ ಎದುರಿಗೆ ಹೇಳಿದವರಿಲ್ಲ. ಬೆನ್ನ ಹಿಂದೆ ಹೇಳುತ್ತಾರೆ, ಅದು ಬೇರೆ ಮಾತು. ಅವಳ ಮೈದುನ ದ್ಯಾವಪ್ಪನಂತೂ ಪ್ರತಿ ವರ್ಷ ಬಂಡಿಯ ನೊಗ ಹಿಡಿದುಕೊಂಡು ಅದೇ ರಾಗ ಎಳೆಯುತ್ತಾನೆ.

“ಎಲ್ಲಿಗಿ ಹೊಂಟಿ ವೈನಿ? ಬಂಡಿ ಬಾಗಲ್ದಾಗ ನಿಂತೈತಿ, ಹತ್ತಬಾರ್ದೇನು?”

“ನೀವು ನಡೀರಿ. ನಾ ಸಂಜಿಗಿ ಹೊಲಕ್ಕ ಬರ್ತೀನಿ.”

“ಸರಕಾರದ ಜಂಗಲ್‌ಗಿ ಚರಗ ಚೆಲ್ಲಿದ್ರ ಏನ್ ಬೆಳಿ ಬರತೈತಿ? ಬರೇ ಮುಳ್ಳು!”

“ಹೋಗ್ಲಿ ಬಿಡ್ರಿ, ವರ್ಷಕ್ಕೊಂದಿನ ಯಕ್ಕನ ಕಾಲು ಕೇಳಂಗಿಲ್ಲ,” ಎನ್ನುತ್ತಾಳೆ ಅವನ ಹೆಂಡತಿ ಸುಂದ್ರಮ್ಮ. ಹಾಗೆ ನಗಾಡುತ್ತಲೇ ನೆಗೆಣ್ಣಿಯ ಬುಟ್ಟಿಗೆ ಎಲ್ಲಕ್ಕಿಂತ ಮೊದಲು ಕಡುಬು ಇಡುವವಳೂ ಅವಳೇ.

ಈ ವರ್ಷ ಕಾಲು ನಿಜವಾಗಿಯೂ ಕೇಳುತ್ತಿರಲಿಲ್ಲ. ಮೊಣಕಾಲಿನ ಚಿಪ್ಪು ಸಣ್ಣಗೆ ಕಟಕಟ ಎನ್ನುತ್ತಿತ್ತು. ಹಿಮ್ಮಡಿ ಒಡೆದು ಮಣ್ಣು ಸೇರಿಕೊಂಡಿತ್ತು. ಗಂಡ ಅಂಬ್ರಪ್ಪ ತೀರಿಕೊಂಡ ಮೇಲೆ ಅವಳು ಯಾವ ಕೆಲಸಕ್ಕೂ ಮೊದಲು ಒಮ್ಮೆ ನಿಟ್ಟುಸಿರು ಬಿಟ್ಟೇ ಕೈ ಹಚ್ಚುವಳು. ಕೊಡ ಎತ್ತುವುದಕ್ಕೂ ಒಂದು ನಿಟ್ಟುಸಿರು, ಕಸಬರಿಗೆ ಹಿಡಿಯುವುದಕ್ಕೂ ಒಂದು. ಆದರೂ ಈ ವರ್ಷ ತಪ್ಪಿಸುವಂತಿರಲಿಲ್ಲ. ಯಾಕೆಂದರೆ ಜಂಗಲ್ ಕಾಯುವ ಖಾಜಾಹುಸೇನ ಸಂತೆಯಲ್ಲಿ ಸಿಕ್ಕಾಗ ಒಂದು ಸುದ್ದಿ ಹೇಳಿದ್ದ. ಸರ್ವೆ ಗಿಡಗಳನ್ನು ಕಡಿಯುತ್ತಿದ್ದಾರೆ, ಹಬ್ಬ ಮುಗಿದ ಮರುದಿನವೇ ಜೆಸಿಬಿ ಬಂದು ಬೊಡ್ಡೆ ಕೀಳುತ್ತದೆ, ನೆಲವನ್ನೆಲ್ಲ ಬುಡಮೇಲು ಮಾಡಿ ಬೇರೆ ಸಸಿ ಹಚ್ಚುತ್ತಾರೆ ಎಂದು.

ಆ ನೆಲದಲ್ಲಿ ಮಲ್ಲಿಕಮ್ಮನ ಮಗಳಿದ್ದಳು.

ಕಾಲುವೆ ಬರುವ ಮೊದಲು ಅದು ಅವರದೇ ಹೊಲ. ಗುಡ್ಡದ ಬುಡದಲ್ಲಿ, ಜೋಳ ಬಿತ್ತಿದರೆ ಜೋಳ, ತೊಗರಿ ಬಿತ್ತಿದರೆ ತೊಗರಿ, ಕೇಳಿದಷ್ಟಲ್ಲದಿದ್ದರೂ ಕೊಟ್ಟಷ್ಟು ಕೊಡುವ ನೆಲ. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಿಂದ ಜೀಪುಗಳು ಬಂದವು, ಕೆಂಪು ಬಣ್ಣದ ಕಲ್ಲು ನೆಟ್ಟರು, ಹೊಲದ ನಡುವೆ ಕಾಲುವೆ ಹಾಯಿತು. ಕೆಳಗಿನ ಮಗ್ಗಲು ಕಾಲುವೆಯ ಹೊಟ್ಟೆಗೆ ಹೋಯಿತು. ಮೇಲಿನ ಮಗ್ಗಲು ಉಳಿಯಿತು, ಆದರೆ ಅಲ್ಲಿಗೆ ನೀರು ಏರಬೇಕಲ್ಲ? ಸರಕಾರದ ಹುಕುಂ ಬೇಕಾದಷ್ಟು ಎತ್ತರಕ್ಕೆ ಏರುತ್ತದೆ, ನೀರು ಏರುವುದಿಲ್ಲ. ಮೇಲಿನದನ್ನು ಜಂಗಲ್ ಖಾತೆಗೆ ಬಿಟ್ಟುಕೊಟ್ಟು, ಇವರು ಕಾಲುವೆಯ ಕೆಳಗೆ ಬೇರೆ ಹೊಲ ಹಿಡಿದರು. ಜಂಗಲ್ ಖಾತೆಗೆ ಆಗ ಕಾರವಾರದ ಕಡೆಯ ಸಾಹೇಬನೊಬ್ಬ ಬಂದಿದ್ದ. ಊರು ಬಿಟ್ಟು ಬಂದ ಸಂಕಟಕ್ಕೋ ಏನೋ, ಸಮುದ್ರದ ದಂಡೆಯಲ್ಲಿ ಬೆಳೆಯುವ ಸರ್ವೆ ಗಿಡವನ್ನು ತಂದು ಈ ಗುಡ್ಡದ ಬುಡಕ್ಕೆ ಹಚ್ಚಿಸಿದ. ಗಿಡ ಏಳುವ ಮೊದಲೇ ಅವನಿಗೆ ವರ್ಗವಾಯಿತು. ಗಿಡಗಳು ಮಾತ್ರ ಉಳಿದು ಆಕಾಶಕ್ಕೆ ಏರಿದವು. ಜನ ಅದಕ್ಕೆ ಗಾಳಿಗಿಡ ಎಂದರು.

ಹಳೆಯ ಹೊಲದಲ್ಲಿ ಒಂದು ಬನ್ನಿ ಗಿಡವಿತ್ತು. ಅದರ ಬುಡದಲ್ಲಿ, ಎಲ್ಲರ ಹೊಲದಲ್ಲಿದ್ದಂತೆ, ಸುಣ್ಣ ಬಳಿದ ಐದು ಕಲ್ಲು. ಅವರು ಪಾಂಡವರು. ಅವರ ಹಿಂದೆ ಇನ್ನೊಂದು ಕಲ್ಲು, ಅವನು ಕಳ್ಳ. ಪಾಂಡವರಿಗೆ ಅರಿಶಿನ, ಕುಂಕುಮ, ಎಡೆ. ಕಳ್ಳನಿಗೆ ಮಸಿ ಮತ್ತು ಬೈಗುಳ. “ನಮ್ಮ ರಾಶಿ ಮ್ಯಾಲ ಕಣ್ಣ ಹಾಕಬ್ಯಾಡ, ನಿನ್ನ ಕಣ್ಣ ಹೊಟ್ಟಿಹೋಗ್ಲಿ,” ಎಂದು ಬೈದು, ಊಟವನ್ನು ಅವನಿಗೆ ತೋರಿಸಿ, ಕೊಡದೆ ಹಿಂದಕ್ಕೆ ತರುವುದು ಆ ಮನೆಯ ಪದ್ಧತಿ. ಆ ಕಳ್ಳನನ್ನು ಆರಿಸಿ ತಂದವಳು ಮಲ್ಲಿಕಮ್ಮನ ಅತ್ತೆ ತಿಮ್ಮವ್ವ. ಹಳ್ಳದಲ್ಲಿ ಹುಡುಕಿ ಹುಡುಕಿ, ಒಂದು ಮಗ್ಗಲು ಚಕ್ಕೆ ಎದ್ದು ಮೂತಿ ಮುರಿದಂತಿದ್ದ ಕೆಂಗಲ್ಲನ್ನೇ ತಂದಿದ್ದಳು. ಅದನ್ನು ನೋಡಿದವರಿಗೆಲ್ಲ, ಹೌದಪ್ಪ ಇವನು ಕಳ್ಳನೇ ಎನಿಸುತ್ತಿತ್ತು.

ಒಬ್ಬಳಿಗೆ ಮಾತ್ರ ಹಾಗೆನಿಸಲಿಲ್ಲ. ಮಲ್ಲಿಕಮ್ಮನ ಮಗಳು ಮೌನಮ್ಮ, ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವಳು. ಹೆಸರು ಮೌನಿ, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಒಂದು ಎಳ್ಳಮಾಸಿಯಲ್ಲಿ ಎಲ್ಲರೂ ಕಳ್ಳನನ್ನು ಬೈಯುತ್ತಿದ್ದಾಗ, “ಯವ್ವಾ, ಕಳ್ಳಗ ಹಸಿವಾಗಂಗಿಲ್ಲೇನ?” ಎಂದು ಕೇಳಿ, ತನ್ನ ಕೈಯ ಕಡುಬನ್ನು ಅವನ ಮುಂದೆ ಇಟ್ಟುಬಿಟ್ಟಳು. ತಿಮ್ಮವ್ವ ಆ ಕೈಗೆ ಫಟ್ಟನೆ ಒಂದು ಬಿಟ್ಟು ಕಡುಬನ್ನು ಎತ್ತಿ ಆಚೆ ಎಸೆದಳು. ಹುಡುಗಿ ಅತ್ತಳು. ಮಲ್ಲಿಕಮ್ಮ ಅತ್ತೆಯ ಎದುರು ತುಟಿ ಪಿಟಕ್ಕೆನ್ನಲಿಲ್ಲ.

ಅದೇ ಬೇಸಿಗೆಯಲ್ಲಿ ಕೂಸಿಗೆ ಜ್ವರ ಬಂತು. ಬಂಡಿಯಲ್ಲಿ ಶಹಾಪುರದ ಅರ್ಧ ದಾರಿ ಮುಟ್ಟಿರಲಿಲ್ಲ, ಬಂಡಿಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಗಂಡಸರು ಅವಳನ್ನು ಬನ್ನಿ ಗಿಡದ ಮಗ್ಗಲಿಗೆ ಮಣ್ಣು ಮಾಡಿ, ನರಿ ಬಗೆಯದಂತೆ ಮೇಲೆ ಮುಳ್ಳು ಹೇರಿ ಬಂದರು. ಗುರುತಿಗೆ ಕಲ್ಲು ಇಡಲಿಲ್ಲ. ಸಣ್ಣ ಕೂಸಿಗೆ ಕಲ್ಲು ಇಟ್ಟರೆ ಮುಂದಿನ ಕೂಸು ನಿಲ್ಲುವುದಿಲ್ಲ ಎಂದು ತಿಮ್ಮವ್ವ ಕಡ್ಡಿ ಮುರಿದಂತೆ ಹೇಳಿದ್ದಳು.

ಮಲ್ಲಿಕಮ್ಮ ಇಟ್ಟಳು. ಮುಳ್ಳೆಲ್ಲ ಒಣಗಿ ಹಾರಿಹೋದ ಮೇಲೆ, ಕಳೆ ತೆಗೆಯುವ ನೆಪದಲ್ಲಿ ಒಬ್ಬಳೇ ಹೋಗಿ ಇಟ್ಟಳು. ಅದೇನು ಹೊಸ ಕಲ್ಲಲ್ಲ. ಖಾರ ಅರೆಯುವ ಕಲ್ಲಿನ ಕರಿ ಗುಂಡು, ಸವೆದು ಸವೆದು ಕೆಲಸಕ್ಕೆ ಬಾರದೆ ಮೂಲೆ ಸೇರಿತ್ತು. ಮೌನಿ ಅದಕ್ಕೆ ಹಳೆಯ ಕುಪ್ಪಸದ ಚೂರು ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು, ಅದು ಅವಳ ಕೂಸು. ಪಾಂಡವರ ಕಲ್ಲುಗಳ ಹತ್ತಿರವೇ ಇಟ್ಟಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಲ್ಲಿನ ನಡುವೆ ಕಲ್ಲು, ಯಾರು ಎಣಿಸುತ್ತಾರೆ?

ಅತ್ತೆ ಹೇಳಿದಂತೆಯೇ ಆಯಿತು. ಮುಂದೆ ಕೂಸು ಹುಟ್ಟಲಿಲ್ಲ. ಇನ್ನು ಆ ಕಲ್ಲಿನ ಮಾತನ್ನು ಬಾಯಿಬಿಟ್ಟು ಹೇಳುವುದು ಎಲ್ಲಿಂದ ಬಂತು? ಗಂಡನಿಗೂ ಹೇಳಲಿಲ್ಲ. ಬಂಜೆ ಎಂದವರು ಅಂದುಕೊಂಡು ಹೋದರು, ಅವಳು ಕೇಳಿಸಿಕೊಂಡು ಕೂತಳು.

ಹೊಲ ಬಿಡುವ ಹೊತ್ತಿಗೆ ಅತ್ತೆಗೆ ಕಣ್ಣಿನ ಆಪರೇಷನ್ ಆಗಿ, ಮಲ್ಲಿಕಮ್ಮ ಶಹಾಪುರದ ದವಾಖಾನೆಯಲ್ಲಿ ಅವಳ ಮಗ್ಗಲಲ್ಲಿದ್ದಳು. ಹಳೆ ಹೊಲದ ಪಾಂಡವರನ್ನು ಹೊಸ ಹೊಲಕ್ಕೆ ತರಬೇಕಲ್ಲ, ಆಗಿನ್ನೂ ಮೀಸೆ ಚಿಗುರುತ್ತಿದ್ದ ದ್ಯಾವಪ್ಪ ಒಬ್ಬನೇ ಬಂಡಿ ಹೊಡೆದುಕೊಂಡು ಹೋಗಿ ತಂದ. ಮಲ್ಲಿಕಮ್ಮ ಬಂದವಳೇ ಕೇಳಿದಳು. “ಕಲ್ಲು ಎಷ್ಟ ತಂದಿ?” ಅವನು ಎದೆಯುಬ್ಬಿಸಿ ಹೇಳಿದ. “ಐದು ಪಾಂಡವ್ರು, ಒಬ್ಬ ಕಳ್ಳ. ಆರು ಇದ್ದುವು, ಆರೂ ತಂದೀನಿ.” ಅವಳ ಎದೆ ಹಗುರಾಯಿತು. ಆರು ಎಂದರೆ ಸರಿ. ಏಳನೆಯದು ಮಗಳ ಹತ್ತಿರವೇ ಉಳಿದಿದೆ.

ಆಮೇಲೆ ಜಂಗಲ್ ಖಾತೆಯವರು ಸುತ್ತ ಕಂದಕ ತೋಡಿದರು, ತಂತಿ ಎಳೆದರು, ಒಳಗೆ ಬಂದರೆ ಕೇಸು ಎಂದು ಫಲಕ ಹಾಕಿದರು. ಕಂದಕದ ಗುಂಟ ಜಾಲಿ ಎದ್ದು ಗೋಡೆ ಕಟ್ಟಿತು. ಪ್ರತಿ ಎಳ್ಳಮಾಸಿಗೆ ಅವಳು ಕಂದಕದ ಈಚೆ ನಿಂತು, ಬನ್ನಿ ಗಿಡದ ದಿಕ್ಕಿಗೆ ಚರಗ ಎಸೆದು ಬರುವಳು. ಮೊದಮೊದಲು ಬನ್ನಿಯ ತುದಿ ಕಾಣುತ್ತಿತ್ತು. ಆಮೇಲೆ ಸರ್ವೆ ಗಿಡಗಳು ಅದನ್ನೂ ನುಂಗಿದವು. ಅಂದಾಜಿಗೆ ಎಸೆಯುತ್ತಿದ್ದಳು. ಕಡುಬು ಎಲ್ಲಿ ಬೀಳುತ್ತಿತ್ತೋ, ಇರುವೆಗಳಿಗೆ ಗೊತ್ತು.

ಈ ಸಲ ಗಿಡ ಕಡಿಯಲು ದಾರಿ ತೆರೆದಿದೆ, ಒಳಗೆ ಹೋಗಬಹುದು. ಇಂದು ಹೋಗಿ ಗುಂಡನ್ನು ತರದಿದ್ದರೆ, ನಾಳೆ ಅದು ಜೆಸಿಬಿಯ ಬಾಯಿಗೆ. ಅವಳಿಗೆ ಬೇಕಿದ್ದದ್ದು ಅಷ್ಟೇ, ಆ ಗುಂಡು.

ಕಾಲುವೆಯ ಏರಿ ಹತ್ತುವಷ್ಟರಲ್ಲೇ ಅರ್ಧ ಜೀವ ಹೋಗಿತ್ತು. ಏರಿಯ ದಾರಿ ನೆಟ್ಟಗೆ ಹೋಗುತ್ತದೆ, ನೆಟ್ಟಗಿನ ದಾರಿಯಷ್ಟು ದಣಿವು ಮತ್ತಾವ ದಾರಿಯಲ್ಲೂ ಇಲ್ಲ. ಎಷ್ಟು ನಡೆದರೂ ಮುಂದೆ ಅದೇ ನೀರು, ಅದೇ ಸಿಮೆಂಟು, ಅದೇ ಬಿಸಿಲು. ಕೆಳಗೆ ಭತ್ತದ ಗದ್ದೆಗಳಲ್ಲಿ ಜನ ಬಂಡಿ ಬಿಚ್ಚುತ್ತಿದ್ದರು. ಯಾರೋ “ಹುಲಿಗ್ಯೋ” ಎಂದು ಕೂಗಿ ಚರಗ ಚೆಲ್ಲುತ್ತಿದ್ದುದು ಕೇಳಿಸಿತು. ಚರಗ ಚೆಲ್ಲುವವರೆಗೆ ಅವಳು ನೀರು ಸಹ ಬಾಯಿಗೆ ಹಾಕುವವಳಲ್ಲ. ಬುಟ್ಟಿಯನ್ನು ಸಿಂಬಿಯ ಮೇಲೆ ಸರಿಮಾಡಿಕೊಂಡು ನಡೆದಳು. ಒಂದು ಕಡೆ ಮೈಲುಗಲ್ಲಿನ ಮೇಲೆ ಕೂತು, ಮತ್ತೆ ಎದ್ದು, ಎದ್ದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಸೇತುವೆ ದಾಟಿ ಜಂಗಲಿನ ಗೇಟು ಮುಟ್ಟಿದಾಗ ಖಾಜಾಹುಸೇನ ತನ್ನ ಕೋಣೆಯ ಮುಂದೆ ಗಡ್ಡ ಕೆರೆಯುತ್ತ ಕೂತಿದ್ದ.

“ಬಾ ದೊಡ್ಡವ್ವ. ಬರ್ತಿ ಅಂತ ಗೊತ್ತಿತ್ತು, ಅದಕ್ಕ ಗೇಟ್ ತೆಗದೀನಿ. ಒಳಗ ದಾರಿ ಗೊತ್ತಾಗತೈತಿಲ್ಲ?”

“ನಮ್ಮ ಹೊಲದಾಗ ನನಗ ದಾರಿ ಗೊತ್ತಾಗಂಗಿಲ್ಲೇನಪ?”

“ಹೊಲ ಎಲ್ಲಿ ಐತಿ ಈಗ? ಗಿಡದಾಗ ಸಾಲು ಹಿಡ್ದು ಸೀದಾ ಹೋಗು. ಕಡಿದ ಜಾಗ ಬರತೈತಿ. ನಡುವ ನಿನ್ನ ಬನ್ನಿ ಐತಿ, ಅದಕ್ಕ ಯಾರೂ ಕೊಡಲಿ ಹಚ್ಚಿಲ್ಲ. ನಾ ಬರ್ಲ್ಯಾ ಜೋಡಿ?”

“ಬ್ಯಾಡ ತಮ್ಮ.”

ಅವನು ಒತ್ತಾಯ ಮಾಡಲಿಲ್ಲ. ಒಳಗೆ ಏನಿದೆ ಎಂದು ಕೇಳಲೂ ಇಲ್ಲ.

ಕಡಿಯದೆ ಉಳಿದ ಸರ್ವೆಯೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಅಲ್ಲೇ ನಿಂತಿತು. ಎಡಕ್ಕೆ ಸಾಲು, ಬಲಕ್ಕೆ ಸಾಲು, ಎಲ್ಲವೂ ಒಂದೇ ನಮೂನೆ. ನೆಲದ ತುಂಬ ಸೂಜಿಯಂಥ ಎಲೆ ಬಿದ್ದು ಮೆತ್ತಗಾಗಿತ್ತು, ಒಡೆದ ಹಿಮ್ಮಡಿಗೆ ಸ್ವಲ್ಪ ಹಿತವೆನಿಸಿತು. ಹಕ್ಕಿ ಇಲ್ಲ, ಹುಳ ಇಲ್ಲ. ಮೇಲೆ ಗಾಳಿ ಮಾತ್ರ ಒಂದೇ ಸಮನೆ ಹೂಂಗುಡುತ್ತಿತ್ತು, ಯಾರೋ ದೂರದಲ್ಲಿ ಕತೆ ಹೇಳುತ್ತಿದ್ದರೆ ಇನ್ನಾರೋ ಹೂಂ ಹೂಂ ಎನ್ನುತ್ತ ಕೇಳಿದ ಹಾಗೆ. ಆ ಸಾಹೇಬನ ಸಮುದ್ರ ಹೀಗೇ ಸದ್ದು ಮಾಡುತ್ತದಂತೆ. ಮಲ್ಲಿಕಮ್ಮ ಕೃಷ್ಣಾ ನದಿಗಿಂತ ದೊಡ್ಡ ನೀರು ಕಂಡವಳಲ್ಲ.

ಇಲ್ಲಿ ತಮ್ಮ ಬದು ಇತ್ತು ಎಂದುಕೊಂಡ ಕಡೆ ಬದು ಇರಲಿಲ್ಲ. ಇಲ್ಲಿ ಕಣ ಇತ್ತು ಎಂದುಕೊಂಡ ಕಡೆಯೂ ಗಿಡ. ಸಾಲು ತಪ್ಪಿ ಎಲ್ಲಿಗೋ ಹೋದಳು, ಕಂದಕದ ತಂತಿ ಎದುರಾಯಿತು. ಹಿಂದಕ್ಕೆ ಬಂದು ಇನ್ನೊಂದು ಸಾಲು ಹಿಡಿದಳು. ಅದೂ ತಪ್ಪು. ಎಷ್ಟೋ ಸುಗ್ಗಿ ತನ್ನ ಕೈಯಿಂದ ಕಳೆ ಕಿತ್ತ ನೆಲದಲ್ಲಿ ದಾರಿ ತಪ್ಪುವುದೆಂದರೆ! ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ, ಹತ್ತಿರದ ಗಿಡಕ್ಕೆ ಅಂಗೈಯಿಂದ ಒಂದು ಬಾರಿಸಿ, “ನಿಮ್ಮೌನ, ಯಾರ್ ಕರದಿದ್ರು ನಿಮ್ಮನ್ನ ಇಲ್ಲಿಗಿ?” ಎಂದಳು. ಗಿಡ ಹೂಂ ಎಂದಿತು. ಅವಳಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಬುಟ್ಟಿ ಇಳಿಸಿ, ಆ ಗಿಡಕ್ಕೇ ಒರಗಿ ಸ್ವಲ್ಪ ಹೊತ್ತು ಕೂತಳು. ಇಲ್ಲೇ ಮಲಗಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎನಿಸಿತು. ಆದರೆ ಕಡುಬು ತಣ್ಣಗಾಗುತ್ತಿತ್ತು.

ಎದ್ದು ಬೆಳಕು ಹೆಚ್ಚು ಕಂಡ ಕಡೆಗೆ ನಡೆದಳು. ಗಿಡಗಳು ಒಮ್ಮೆಲೆ ಮುಗಿದವು. ಮುಂದೆ ಬಟ್ಟ ಬಯಲು, ತುಂಬ ಬೊಡ್ಡೆಗಳು, ಕಡಿದ ಟೊಂಗೆಯ ರಾಶಿಗಳು. ನಡುವೆ ಒಂಟಿ ಬನ್ನಿ, ಬಾಗಿ, ಮುದುಕಾಗಿ, ಅರ್ಧ ಒಣಗಿ ನಿಂತಿತ್ತು.

“ಬಂದೆ ಬಂದೆ,” ಎಂದಳು ಮಲ್ಲಿಕಮ್ಮ. ಅಷ್ಟು ದೂರದಿಂದಲೇ.

ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಬೊಡ್ಡೆ ದಾಟಿಕೊಂಡು ಬೇಗ ಬೇಗ ನಡೆದಳು. ಬನ್ನಿಯ ಬುಡದಲ್ಲಿ ಮಣ್ಣು ಕೂತು ನೆಲ ಎತ್ತರವಾಗಿತ್ತು, ಗುಡ್ಡದ ಮಳೆನೀರು ತಂದ ಮಣ್ಣು. ಮುರಿದ ಟೊಂಗೆಯಿಂದ ಕೆದರಿದಳು, ಕೈಯಿಂದ ಬಗೆದಳು. ಉಗುರಿಗೆ ಕಲ್ಲು ತಗುಲಿತು. “ಇದ್ದಿ, ಇದ್ದಿ ನನ್ನವ್ವ,” ಎನ್ನುತ್ತ ಸುತ್ತಲಿನ ಮಣ್ಣು ತೆಗೆದು, ಎರಡೂ ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗಿನಿಂದ ಒರೆಸಿದಳು.

ಕೆಂಗಲ್ಲು. ಒಂದು ಮಗ್ಗಲು ಚಕ್ಕೆ ಎದ್ದಿತ್ತು. ಮೂತಿ ಮುರಿದಿತ್ತು.

ಅದು ಕಳ್ಳ.

ಮೊದಲು ಅವಳಿಗೆ ಏನೂ ತಿಳಿಯಲಿಲ್ಲ. ಇನ್ನೂ ಕೆಳಗಿರಬೇಕು ಎಂದು ಬಗೆದಳು. ಈ ಮಗ್ಗಲು, ಆ ಮಗ್ಗಲು, ಬೇರಿನ ಸಂದು, ಎಲ್ಲೆಲ್ಲೂ ಬಗೆದಳು. ಮಣ್ಣು, ಬೇರು, ಮತ್ತೆ ಮಣ್ಣು. ಬೆರಳು ಸುಲಿದವು. ಆಮೇಲೆ ಕೈ ತಾನಾಗಿಯೇ ನಿಂತಿತು. ಕಳ್ಳ ಇಲ್ಲಿ ಉಳಿದಿದ್ದರೆ, ದ್ಯಾವಪ್ಪ ತಂದ ಆರನೆಯ ಕಲ್ಲು ಯಾವುದು?

ಉತ್ತರಕ್ಕೆ ಬಹಳ ದೂರ ಹೋಗಬೇಕಿರಲಿಲ್ಲ. ಮಳೆಯ ಮಣ್ಣು ಹಿಂದಿದ್ದ ಕಳ್ಳನನ್ನು ಆಗಲೇ ಮುಚ್ಚಿತ್ತು. ಹುಡುಗ ಅವಸರದಲ್ಲಿ ಬಂದ, ಐದು ಬಿಳಿ ಕಲ್ಲು ಕಂಡ, ಹತ್ತಿರ ಒಂದು ಕರಿ ಕಲ್ಲು ಕಂಡ. ಬಿಳಿಯವರು ಪಾಂಡವರಾದರೆ ಬಿಳಿಯಲ್ಲದವನು ಇನ್ನಾರು? ಎತ್ತಿ ಬಂಡಿಗೆ ಹಾಕಿದ. ಹೊಸ ಹೊಲದ ಬೇವಿನ ಬುಡದಲ್ಲಿ ಐದರ ಹಿಂದೆ ಅರ್ಧ ಹೂಳಿ ನೆಟ್ಟ. ಅಂದಿನಿಂದ ಅದಕ್ಕೆ ವರ್ಷ ವರ್ಷ ಮಸಿ. ವರ್ಷ ವರ್ಷ ಬೈಗುಳ. ಕಣ್ಣು ಹೊಟ್ಟಿಹೋಗಲಿ ಎಂದು. ಅನ್ನ ತೋರಿಸಿ ಹಿಂದಕ್ಕೆ ತರುವುದು. ಹಬ್ಬದ ದಿನ ಪೂಜೆಯ ಹೊತ್ತಿಗೆ ಮಲ್ಲಿಕಮ್ಮ ಅಲ್ಲಿ ಒಮ್ಮೆಯೂ ಇರಲಿಲ್ಲ, ಇಲ್ಲಿ ಕಂದಕಕ್ಕೆ ಕಡುಬು ಎಸೆಯುತ್ತಿದ್ದಳು. ಉಳಿದ ದಿನ ಆ ಬೇವಿನ ನೆರಳಲ್ಲೇ ಕೂತು ರೊಟ್ಟಿ ತಿಂದಿದ್ದಾಳೆ. ಕೆಸರು ಕಾಲನ್ನು ಆ ಕರಿ ಕಲ್ಲಿಗೆ ತಿಕ್ಕಿದ್ದಾಳೆ. ಒಮ್ಮೆಯಾದರೂ ಅದನ್ನು ನೋಡಿದಳೇ? ಕಳ್ಳನ ಮುಖವನ್ನು ಯಾರು ಬಗ್ಗಿ ನೋಡುತ್ತಾರೆ?

“ಅಯ್ಯೋ ನನ್ನ ಕೂಸೇ,” ಎಂದು ಅವಳು ಆ ಬಯಲಿನಲ್ಲಿ ಗಟ್ಟಿಯಾಗಿ ಅತ್ತಳು. ಮಗಳು ಸತ್ತ ದಿನ ಅತ್ತೆಗೆ ಹೆದರಿ ಇಷ್ಟು ಗಟ್ಟಿಯಾಗಿ ಅತ್ತಿರಲಿಲ್ಲ. ಇಲ್ಲಿ ಕೇಳುವವರು ಯಾರೂ ಇರಲಿಲ್ಲ, ಆದ್ದರಿಂದ ಬೇಕಾದಷ್ಟು ಹೊತ್ತು ಅತ್ತಳು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಬಂದ ಕೆಲಸ ಮಾಡಿದಳು. ಬುಟ್ಟಿಯಲ್ಲಿದ್ದುದನ್ನೆಲ್ಲ ಬನ್ನಿಯ ಸುತ್ತ ಚೆಲ್ಲಿದಳು. ನಾಳೆ ಈ ನೆಲ ತಿರುವಿ ಬೀಳುತ್ತದೆ. ನೆಲವನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ. “ನೀ ಇಲ್ಲಿ ಮಲ್ಕೋ. ನಿನ್ನ ಕೂಸು ಹೊಲದಾಗೈತಿ, ನಾ ಹೋಗಿ ನೋಡ್ಕೋತೀನಿ,” ಎಂದು ಮಣ್ಣಿನ ಮೇಲೆ ಅಂಗೈ ಇಟ್ಟು ಹೇಳಿದಳು.

ಆಮೇಲೆ ಖಾಲಿ ಬುಟ್ಟಿಯಲ್ಲಿ ಕಳ್ಳನನ್ನು ಕೂರಿಸಿದಳು. ಹೊತ್ತುಕೊಂಡು ಹೋಗಲೇಬೇಕಿತ್ತು. ಬರಿಗೈಯಲ್ಲಿ ಹೋಗಿ, ಆ ಮಸಿ ಬಳಿದ ಕಲ್ಲು ನನ್ನದು ಎಂದರೆ ಯಾರು ನಂಬುತ್ತಾರೆ? ಮುದುಕಿಗೆ ಬಿಸಿಲು ತಲೆಗೇರಿದೆ ಎನ್ನುತ್ತಾರೆ. ಈ ಮುರಿದ ಮೂತಿಯನ್ನು ಮಾತ್ರ ದ್ಯಾವಪ್ಪ ಮರೆತಿರಲಾರ, ಅವನ ಅವ್ವ ಆರಿಸಿದ ಕಲ್ಲು.

ಹೋಗುವಾಗ ಇದ್ದ ದಣಿವು ದಣಿವೇ ಅಲ್ಲ. ಕಲ್ಲು, ತುಂಬಿದ ಕೊಡದಷ್ಟು ಭಾರವಿತ್ತು, ಕೊಡವಾದರೆ ತುಳುಕಿ ಹಗುರಾಗುತ್ತದೆ. ಕುತ್ತಿಗೆ ಹೊಟ್ಟೆಯೊಳಗೆ ಇಳಿದಂತಾಯಿತು. ಗೇಟಿನಲ್ಲಿ ಖಾಜಾಹುಸೇನ ಎದ್ದು ನಿಂತ.

“ಇದೇನ ದೊಡ್ಡವ್ವ? ಜಂಗಲ್‌ದಾಗಿಂದ ಒಂದ ಕಡ್ಡಿನೂ ಒಯ್ಯಂಗಿಲ್ಲ ಅಂತ ಹುಕುಂ ಐತಿ.”

“ಕಡ್ಡಿ ಅಲ್ಲಪ. ಕಳ್ಳ.”

ಅವನು ಬುಟ್ಟಿಗೆ ಇಣುಕಿ, ಅವಳ ಕೆಂಪು ಕಣ್ಣು ನೋಡಿ, ತಮಾಷೆ ಬಿಟ್ಟ. ಬುಟ್ಟಿ ಇಳಿಸಿಕೊಂಡು ನೀರಿನ ತಂಬಿಗೆ ಕೊಟ್ಟ. “ಇಷ್ಟ ಭಾರ ಹೊತ್ತು ಹೈರಾಣ ಆಗೀದಿ. ಇಲ್ಲೇ ಇಟ್ಟು ಹೋಗು, ನಾಳಿಗಿ ಸೈಕಲ್ ಮ್ಯಾಲ ತಂದ ಕೊಡ್ತೀನಿ.”

“ನಾಳಿ ಬ್ಯಾಡ. ಬಾಳ ದಿನ ಆಗ್ಯಾವ ತಮ್ಮ, ಇನ್ನೊಂದ ರಾತ್ರಿ ಬ್ಯಾಡ. ಎತ್ತಿಕೊಡು.”

ಏನು ಮಾತು ಎಂದು ಅವನಿಗೆ ತಿಳಿಯಲಿಲ್ಲ. ಆದರೂ ಎತ್ತಿಕೊಟ್ಟ.

ಕಾಲುವೆಯ ಏರಿಯ ಮೇಲೆ ಎಷ್ಟು ಸಲ ಕಲ್ಲು ಇಳಿಸಿದಳೋ. ಇಳಿಸುವುದು ಸುಲಭ, ಎತ್ತಿಕೊಡುವವರು ಬೇಕು. ಹಬ್ಬದ ದಿನ ದಾರಿಯಲ್ಲಿ ಯಾರೂ ಇಲ್ಲ. ಏರಿಯ ಕಟ್ಟೆಯ ಮೇಲೆ ಇಟ್ಟು, ತಾನು ಕೆಳಗೆ ಕೂತು, ತಲೆ ಕೊಟ್ಟು, ಕಟ್ಟೆ ಹಿಡಿದು ಏಳುವಳು. ಒಮ್ಮೆ ಕಾಲು ಜಾರಿ, ಕಳ್ಳ ಕಾಲುವೆಗೆ ಉರುಳುವುದರಲ್ಲಿತ್ತು. “ಲೇ ಭಾಡ್ಯಾ, ನಿನ್ನ ಸಲುವಾಗಿ ನನ್ನ ಮಗಳು ಬೈಸಿಕೊಂಡಾಳ. ಸುಮ್ಮನ ಕುಂದ್ರು,” ಎಂದು ಗದರಿಸಿದಳು. ಗದರಿಸಿದ ಮೇಲೆ ಅದರ ಮುರಿದ ಮೂತಿ ನೋಡಿ ಪಾಪ ಎನಿಸಿತು. ಅದೂ ಇಷ್ಟು ವರ್ಷ ಮಣ್ಣಲ್ಲಿ ಹುಗಿದುಕೊಂಡು ಕೂತಿತ್ತು. ಬೈಯುವವರಾದರೂ ಅದಕ್ಕೆ ಯಾರಿದ್ದರು?

ಹೊಲ ಮುಟ್ಟಿದಾಗ ಹೊತ್ತು ಇಳಿದಿತ್ತು. ಸುಂದ್ರಮ್ಮ ಪಾತ್ರೆ ತೊಳೆದು ಬಂಡಿಗೆ ತುಂಬುತ್ತಿದ್ದಳು. ದ್ಯಾವಪ್ಪ ನಿದ್ದೆ ಮುಗಿಸಿ ಎತ್ತು ಬಿಚ್ಚುತ್ತಿದ್ದ. ಬೇವಿನ ಬುಡದಲ್ಲಿ ಐದು ಕಲ್ಲು ಹೊಸ ಸುಣ್ಣ ಬಳಿದುಕೊಂಡು ಬೆಳ್ಳಗೆ, ಹೂ ಕುಂಕುಮದಲ್ಲಿ ಕೂತಿದ್ದವು. ಹಿಂದೆ ಅರ್ಧ ನೆಲದಲ್ಲಿ ಹೂತ ಕರಿ ಕಲ್ಲು. ಬೆಳಿಗ್ಗೆ ಬಳಿದ ಮಸಿ ಇನ್ನೂ ಹಸಿಯಾಗಿತ್ತು.

“ಬಂದ್ಯಾ ಯಕ್ಕಾ? ಇಷ್ಟ್ಯಾಕ ಹೊತ್ತಾತು?” ಎನ್ನುತ್ತ ಸುಂದ್ರಮ್ಮ ಬುಟ್ಟಿ ಇಳಿಸಲು ಬಂದು, ಭಾರಕ್ಕೆ ಬಾಗಿಹೋದಳು. “ಯವ್ವಾ! ಕಲ್ಲು!”

ದ್ಯಾವಪ್ಪ ನಕ್ಕ. “ಯಾಕ ವೈನಿ, ನಮ್ಮ ಹೊಲದಾಗ ಕಲ್ಲು ಕಡಿಮಿ ಬಿದ್ದಾವೇನು?”

ಮಲ್ಲಿಕಮ್ಮ ಬುಟ್ಟಿಗೆ ಬಗ್ಗಿದಳು. ಬುಟ್ಟಿಯೊಳಗೆ ಕಲ್ಲನ್ನು ತಿರುಗಿಸಿ, ಮುರಿದ ಮೂತಿ ಅವನ ಕಡೆಗೆ ಬರುವಂತೆ ಇಟ್ಟಳು.

ಅವನ ನಗು ನಿಂತಿತು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಚಕ್ಕೆ ಎದ್ದ ಕಡೆ ಬೆರಳಾಡಿಸಿದ.

“ಇದು ಅವ್ವ ತಂದಿದ್ದ ಕಳ್ಳ ಅಲ್ಲೇನು?”

“ಹೌದು.”

ಅವನು ಬೇವಿನ ಬುಡದತ್ತ ತಿರುಗಿದ. “ಮತ್ತ ಅದು?”

“ತಗೋ, ನಿನ್ನ ಕಳ್ಳ. ನನ್ನ ಮೌನಿನ ನನಗ ಕೊಡು.”

ಅಷ್ಟು ಹೇಳಿ ಅವಳು ಹೋಗಿ ಕರಿ ಕಲ್ಲಿನ ಮುಂದೆ ಕೂತಳು. ಬೆರಳು ಸುಲಿದಿದ್ದರೂ ಬಗೆಯತೊಡಗಿದಳು. ಬಗೆಯುತ್ತಲೇ, ತಲೆ ಎತ್ತದೆ, ಎಲ್ಲವನ್ನೂ ಹೇಳಿದಳು. ಕೂಸು ಗುಂಡು ಆಡಿಸುತ್ತಿದ್ದುದು, ತಾನು ಕದ್ದು ಇಟ್ಟದ್ದು, ಅತ್ತೆಯ ಮಾತು, ಇಷ್ಟು ದಿನ 'ಆರು' ಎಂಬುದನ್ನು ನಂಬಿಕೊಂಡಿದ್ದುದು. ದ್ಯಾವಪ್ಪ ಗುದ್ದಲಿಯ ಕಾವಿನಿಂದ ಮಗ್ಗಲಿನ ಮಣ್ಣು ಸಡಿಲಿಸಿ, ಕಲ್ಲನ್ನು ಎತ್ತಿ ಅವಳ ಮಡಿಲಿಗೆ ಹಾಕಿದ.

“ನಾ ಎಣಿಸಿದ್ದೆ ವೈನಿ. ದೇವರಾಣಿ, ಆರು ಎಣಿಸಿದ್ದೆ.”

“ಬರಾಬರ್ ಎಣಿಸಿದ್ದಿ ತಮ್ಮ. ಏಳನೇದೊಂದು ಐತಿ ಅಂತ ನಾ ಯಾರಿಗೂ ಹೇಳಿದ್ದಿಲ್ಲ.”

ಸುಂದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. “ಇವತ್ತ ಮುಂಜಾನಿನೂ ಬೈದೀನಿ ಯಕ್ಕಾ. ಕಣ್ಣ ಹೊಟ್ಟಿಹೋಗ್ಲಿ ಅಂದೀನಿ,” ಎಂದಳು.

ಮಲ್ಲಿಕಮ್ಮ ಹೊಲದ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತು, ಗುಂಡನ್ನು ನೀರಲ್ಲಿ ತೊಳೆದಳು. ಮಸಿ ಪದರು ಪದರಾಗಿ ಕೂತಿತ್ತು. ಬೂದಿ ಹಚ್ಚಿ ತಿಕ್ಕಿದಳು, ಮತ್ತೆ ತೊಳೆದಳು. ಕೊನೆಗೆ ಖಾರ ಅರೆದು ಅರೆದು ನುಣುಪಾದ ಮಗ್ಗಲು ಕಂಡಿತು. ಕೆನ್ನೆಯನ್ನು ಅದಕ್ಕೆ ಹಚ್ಚಿದಳು. ತಣ್ಣಗಿತ್ತು.

“ತಿನ್ನಾಕೇನರೆ ಉಳದೈತೇನು?” ಎಂದು ಕೇಳಿದಳು.

ಬಂಡಿಯ ಬುಟ್ಟಿಯ ತಳದಲ್ಲಿ ಒಂದೇ ಒಂದು ಕಡುಬು ಉಳಿದಿತ್ತು. ಸುಂದ್ರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಬೆಳಗಿನಿಂದ ಉಪವಾಸವಿದ್ದವಳು, ತಾನೇ ತಿನ್ನುತ್ತಾಳೆ ಎಂದುಕೊಂಡಿದ್ದರು. ಮಲ್ಲಿಕಮ್ಮ ಅದನ್ನು ಮುರಿದು, ಅರ್ಧವನ್ನು ಮಡಿಲಿನ ಗುಂಡಿನ ಮೇಲೆ ಇಟ್ಟಳು. ಉಳಿದ ಅರ್ಧ ಹಿಡಿದು ಬೇವಿನ ಬುಡಕ್ಕೆ ನಡೆದಳು. ದ್ಯಾವಪ್ಪ ಆಗಲೇ ಕೆಂಗಲ್ಲನ್ನು ಪಾಂಡವರ ಹಿಂದೆ, ಖಾಲಿಯಾದ ಕುಳಿಯಲ್ಲಿ ಕೂರಿಸಿದ್ದ. ಅವಳು ಬಗ್ಗಿ, ಆ ಮುರಿದ ಮೂತಿಯ ಮುಂದೆ ಕಡುಬು ಇಟ್ಟಳು.

“ವೈನಿ, ಕಳ್ಳಗ ಎಡಿ ಇಡಂಗಿಲ್ಲ.”

“ಇಡೋಣು. ಅಕಿ ಕೇಳಿದ್ಲು,” ಎಂದಳು ಮಲ್ಲಿಕಮ್ಮ. “ಅವತ್ತ ನಾ ಇಡ್ಲಿಲ್ಲ.”

ಯಾರೂ ಅದನ್ನು ತೆಗೆಯಲಿಲ್ಲ. ಬಂಡಿ ಕಟ್ಟಿದರು. ಈ ವರ್ಷ ಮಲ್ಲಿಕಮ್ಮ ಬಂಡಿ ಹತ್ತಿದಳು. ಕಾಲು ಚಾಚಿ, ಗುಂಡನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಊರು ಬರುವ ಮೊದಲೇ ನಿದ್ದೆ ಹೋದಳು. ಎಬ್ಬಿಸುವುದು ಬೇಡವೆಂದು ದ್ಯಾವಪ್ಪ ಎತ್ತುಗಳನ್ನು ಮೆಲ್ಲಗೆ ನಡೆಸಿದ.